ಬೆಟ್ಟಗಳ ನಡುವಿನ ನೆಲ

ಬಿಡದಿ ಉಪನಗರದ ಮಾತು ಎದ್ದಾಗಲೆಲ್ಲ ಚರ್ಚೆಯು ಎಕರೆಗೆ ಎಷ್ಟು ಕೊಡುತ್ತಾರೆ ಎಂಬ ಒಂದು ಪ್ರಶ್ನೆಯಲ್ಲೇ ಮುಗಿದುಹೋಗುತ್ತದೆ. 2006ರ ಸುಮಾರಿಗೆ ಮೊಳೆತು, ನಡುವೆ ಒಣಗಿ, 2025ರ ಮಾರ್ಚಿಯಲ್ಲಿ ಹೊಸ ಪ್ರಾಥಮಿಕ ಅಧಿಸೂಚನೆಯೊಡನೆ ಮತ್ತೆ ತಲೆಯೆತ್ತಿದ ಈ ಯೋಜನೆ ಬೈರಮಂಗಲ ಮತ್ತು ಕಂಚುಗಾರನಹಳ್ಳಿ ಪಂಚಾಯಿತಿಗಳಿಗೆ ಸೇರಿದ 9 ಹಳ್ಳಿಗಳ ಸುಮಾರು 9,000 ಎಕರೆ ನೆಲವನ್ನು ಬಯಸಿತು. ಪರಿಹಾರ ಸಾಲದೆಂದು ಕೆಲವರು, ನೆಲವನ್ನೇ ಕೊಡೆವೆಂದು ಹಲವರು ಹೋರಾಟಕ್ಕೆ ಇಳಿದರು. ಕೊಡೆವೆನ್ನುವ ರೈತನಿಗೆ ಆ ಮಾತನ್ನಾಡುವ ಹಕ್ಕುಂಟು. ಅದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಈ ವಾರ ನಾವು ಎತ್ತಬೇಕೆಂದಿರುವುದು ಬೇರೊಂದು ಪ್ರಶ್ನೆ. ಈ 9,000 ಎಕರೆ ಯಾವುದರ ನಡುವೆ ಇದೆ ಎಂಬುದನ್ನು ಯೋಜನೆ ಬರೆದವರಲ್ಲಿ ಯಾರಾದರೂ ನೋಡಿದ್ದಾರೆಯೆ?

ಜಿಲ್ಲೆಯ ನಕಾಶೆಯನ್ನು ಹಾಸಿಕೊಂಡು ನೋಡಬೇಕು. ಮೂಡಲಲ್ಲಿ ಬನ್ನೇರುಘಟ್ಟದ ಕಾಡು. ಅದು ತೆಂಕಣಕ್ಕೆ ಚಾಚಿ, ಕನಕಪುರದ ಕಾಡುಗಳ ಮೂಲಕ ಕಾವೇರಿ ವನ್ಯಧಾಮವನ್ನೂ ತಮಿಳುನಾಡಿನ ಹೊಸೂರು ಕಡೆಯ ಅರಣ್ಯಗಳನ್ನೂ ಮುಟ್ಟುತ್ತದೆ. ಬಡಗಲಲ್ಲಿ ಮಾಗಡಿ ತಾಲ್ಲೂಕಿನ ಸಾವನದುರ್ಗ. ಅದರ ಮಗ್ಗುಲಲ್ಲೇ ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯ. ನಮ್ಮ ಊರಿನ ತಲೆಯ ಮೇಲೆ ರಾಮದೇವರ ಬೆಟ್ಟ. ಆಚೆಗೆ ಹಂದಿಗುಂದಿ, ಕಬ್ಬಾಳು, ಚನ್ನಪಟ್ಟಣದ ಕಡೆಯ ತೆಂಗಿನಕಲ್ಲು. ಸರ್ಕಾರದ ದಫ್ತರದಲ್ಲಿ ಇವೆಲ್ಲವೂ ಬೇರೆ ಬೇರೆ ಹೆಸರಿನ, ಬೇರೆ ಬೇರೆ ಕಡತದ ಕಾಡುಗಳು. ಆನೆಗೆ ಮಾತ್ರ ಇದು ಒಂದೇ ಮನೆಯ ಹಲವು ಕೋಣೆಗಳು. ಒಂದು ಕೋಣೆಯಿಂದ ಮತ್ತೊಂದಕ್ಕೆ ಹೋಗುವ ಹಜಾರ ಯಾವುದೆಂದರೆ ಬಿಡದಿ, ಹಾರೋಹಳ್ಳಿ, ಕನಕಪುರ ಕಡೆಯ ಹೊಲಗಳು, ಕೆರೆಗಳು, ಗೋಮಾಳಗಳು, ಹಳ್ಳಗಳು. ಉಪನಗರದ ಗೆರೆ ಬಿದ್ದಿರುವುದು ಈ ಹಜಾರದಲ್ಲಿ. ಕಾಡಿನ ಒಂದು ಮರವನ್ನೂ ನಾವು ಮುಟ್ಟುವುದಿಲ್ಲವೆಂದು ಅಧಿಕಾರಿಗಳು ಹೇಳಬಹುದು. ಅದು ನಿಜವೇ. ಕೋಣೆಗಳನ್ನು ಹಾಗೆಯೇ ಬಿಟ್ಟು ಹಜಾರಕ್ಕೆ ಗೋಡೆ ಕಟ್ಟುವುದು ಎಂತಹ ಉಪಕಾರವೋ ಅವರೇ ಹೇಳಬೇಕು.

ತುಂಡಾದ ಕಾಡು ಉಳಿಯುವುದಿಲ್ಲವೆಂಬುದು ಕೇವಲ ಮರುಕದ ಮಾತಲ್ಲ. ಲೆಕ್ಕ ಹಾಕಿ ಕಂಡುಕೊಂಡ ಸಂಗತಿ. ಪನಾಮಾ ಕಾಲುವೆಗಾಗಿ 1910ರ ದಶಕದಲ್ಲಿ ನದಿಗೆ ಅಣೆ ಕಟ್ಟಿದಾಗ ಅಲ್ಲಿಯ ಕಾಡುಗುಡ್ಡವೊಂದು ನೀರಿನ ನಡುವೆ ದ್ವೀಪವಾಗಿ ಉಳಿಯಿತು. ಅದರ ಹೆಸರು ಬಾರೋ ಕೊಲರಾಡೊ. ಅಲ್ಲಿ ಯಾರೂ ಮರ ಕಡಿಯಲಿಲ್ಲ, ಬೇಟೆಯಾಡಲು ಬಿಡಲಿಲ್ಲ; ವಿಜ್ಞಾನಿಗಳು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಆದರೂ ಮುಂದಿನ ದಶಕಗಳಲ್ಲಿ ಹತ್ತಾರು ಜಾತಿಯ ಹಕ್ಕಿಗಳು ಆ ದ್ವೀಪದಿಂದ ಕಾಣೆಯಾದವು. ಒಂದು ಜಾತಿಯ ಸಂಖ್ಯೆ ಕುಗ್ಗಿದಾಗ ಹೊರಗಿನಿಂದ ಬಂದು ಸೇರಿಕೊಳ್ಳುವವರಿಲ್ಲದಿದ್ದರೆ, ಒಂದು ಬರ, ಒಂದು ರೋಗ, ಒಂದು ಕೆಟ್ಟ ವರ್ಷ ಸಾಕು. 1967ರಲ್ಲಿ ಮೆಕಾರ್ಥರ್ ಮತ್ತು ವಿಲ್ಸನ್ ಎಂಬಿಬ್ಬರು ಅಮೆರಿಕನ್ ವಿದ್ವಾಂಸರು ದ್ವೀಪಗಳ ಜೀವಸಂಕುಲದ ಬಗೆಗೆ ಬರೆದ ಗ್ರಂಥದ ಸಾರವೂ ಹೆಚ್ಚು ಕಡಮೆ ಇದೇ: ದ್ವೀಪ ಚಿಕ್ಕದಾದಷ್ಟೂ, ದೂರವಾದಷ್ಟೂ, ಅದರಲ್ಲಿ ಬದುಕುವ ಜಾತಿಗಳು ಕಡಮೆ. ನೀರೇ ಸುತ್ತುವರಿಯಬೇಕೆಂದಿಲ್ಲ. ನಾಲ್ಕೂ ಕಡೆ ಬಡಾವಣೆ ಸುತ್ತುವರಿದರೂ ಗುಡ್ಡವು ದ್ವೀಪವೇ.

ನಮ್ಮ ರಾಮದೇವರ ಬೆಟ್ಟವನ್ನೇ ತೆಗೆದುಕೊಳ್ಳೋಣ. 2012ರಲ್ಲಿ ಸುಮಾರು 346 ಹೆಕ್ಟೇರು ಪ್ರದೇಶವನ್ನು ರಣಹದ್ದುಗಳ ಧಾಮವೆಂದು ಸರ್ಕಾರ ಸಾರಿತು. ಸಿನಿಮಾದವರಿಂದ ಪ್ರಸಿದ್ಧವಾದ ಬಂಡೆಗಳು ಹದ್ದುಗಳಿಗೂ ದಕ್ಕಿದುವೆಂದು ನಾವೂ ಸಂತೋಷಪಟ್ಟೆವು. ಆದರೆ ಹದ್ದು ಗೂಡು ಕಟ್ಟುವುದು ಬಂಡೆಯ ಮೇಲೆ, ಉಣ್ಣುವುದು ಅಲ್ಲಲ್ಲ. ಅದರ ಊಟ ಹತ್ತಾರು ಮೈಲಿ ಸುತ್ತಳತೆಯ ಹಳ್ಳಿಗಳ ದನಕರುಗಳ ಸಾವಿನಲ್ಲಿದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಆ ಮಾಂಸ ತಿಂದ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ದೇಶಾದ್ಯಂತ ಕೊಂದಿತು. 2006ರಲ್ಲಿ ಪಶುವೈದ್ಯದಲ್ಲಿ ಅದನ್ನು ನಿಷೇಧಿಸಿದರು. ಔಷಧಿ ಹೋಯಿತು, ಸರಿ. ಇನ್ನು ದನವೂ ಹೋಗಿ, ದನ ಮೇಯುವ ಗೋಮಾಳವೂ ಹೋದರೆ, ಬೆಟ್ಟಕ್ಕೆ ಹಾಕಿದ ಬೇಲಿಯೊಳಗೆ ಹದ್ದು ಏನನ್ನು ತಿಂದು ಬದುಕಬೇಕು? ಬೆರಳೆಣಿಕೆಗೆ ಇಳಿದ ಆ ಹಕ್ಕಿಗಳ ಹಣೆಬರಹ ಧಾಮದ 346 ಹೆಕ್ಟೇರಿನಲ್ಲಿಲ್ಲ, ಧಾಮದ ಹೊರಗಿನ ಒಕ್ಕಲುತನದಲ್ಲಿದೆ. ಕಾಡುಪಾಪದ ಕತೆಯೂ ಬೇರೆಯಲ್ಲ. ಅದು ಮರದಿಂದ ಮರಕ್ಕೆ ಕೊಂಬೆ ಹಿಡಿದು ನಡೆಯುವ ಪ್ರಾಣಿ. ತೋಪಿಗೂ ತೋಪಿಗೂ ನಡುವೆ ಇದ್ದ ಬೇಲಿಸಾಲಿನ ಮರ ಬಿದ್ದಿತೆಂದರೆ, ಆನೆಗೆ ಹತ್ತು ಹೆಜ್ಜೆಯಾದದ್ದು ಅದಕ್ಕೆ ಸಮುದ್ರ.

ಸರ್ಕಾರಕ್ಕೆ ಇದು ತಿಳಿಯದೆಂದು ನಾವು ಹೇಳುವುದಿಲ್ಲ. ತಿಳಿದು ಬರೆದಿಟ್ಟದ್ದೂ ಉಂಟು. ಬನ್ನೇರುಘಟ್ಟದ ಉದ್ಯಾನ ಉದ್ದ ಹೆಚ್ಚು, ಅಗಲ ಕಡಮೆ. ಕರಡಿಕ್ಕಲ್–ಮಹದೇಶ್ವರ ಎಂಬ ಕಿರಿದಾದ ಕೊರಳಿನಲ್ಲಿ ಅದರ ಒಂದು ಭಾಗ ಮತ್ತೊಂದಕ್ಕೆ ತಗುಲಿಕೊಂಡಿದೆ; ಆನೆದಾರಿಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ. ಉದ್ಯಾನದ ಸುತ್ತ ಗಣಿ, ಕಲ್ಲುಕೋರೆ, ದೊಡ್ಡ ಕಟ್ಟಡಗಳಿಗೆ ಅಂಕೆ ಹಾಕುವ ಪರಿಸರ ಸೂಕ್ಷ್ಮ ವಲಯದ ಕರಡು 2016ರಲ್ಲಿ ಬಂದಾಗ ವಿಸ್ತೀರ್ಣ 268.96 ಚದರ ಕಿಲೋಮೀಟರ್ ಇತ್ತು. 2020ರ ಮಾರ್ಚಿಯಲ್ಲಿ ಅಂತಿಮ ಅಧಿಸೂಚನೆ ಹೊರಬಿದ್ದಾಗ ಅದು 168.84ಕ್ಕೆ ಇಳಿದಿತ್ತು. ನೂರು ಚದರ ಕಿಲೋಮೀಟರು ನಾಲ್ಕು ವರ್ಷಗಳಲ್ಲಿ ಸೂಕ್ಷ್ಮತೆಯನ್ನು ಕಳೆದುಕೊಂಡಿತೆಂದು ಅರ್ಥ! ಮೊದಲ ಕರಡಿನಲ್ಲಿ ಕೆಲವೆಡೆ ನಾಲ್ಕೂವರೆ ಕಿಲೋಮೀಟರಿನಷ್ಟು ಹರಡಿದ್ದ ಪಟ್ಟಿ, ಕೊನೆಗೆ ಎಲ್ಲಿಯೂ ಒಂದು ಕಿಲೋಮೀಟರು ಮೀರದಂತೆ ಕುಗ್ಗಿತು. ಹಳ್ಳಿಗರ ವಿರೋಧವನ್ನು ಮುಂದೊಡ್ಡಲಾಯಿತು. ಹಳ್ಳಿಗರಿಗೆ ಹೆದರಿಕೆ ಇದ್ದದ್ದು ನಿಜ. ಬಾವಿ ತೋಡಲು, ಕೊಟ್ಟಿಗೆ ಕಟ್ಟಲು ಅರಣ್ಯ ಇಲಾಖೆಯ ಅಪ್ಪಣೆ ಬೇಕಾದೀತೆಂದು ಅವರಿಗೆ ಯಾರೋ ಹೇಳಿದ್ದರು. ಉಳುವುದಕ್ಕೂ ದನ ಸಾಕುವುದಕ್ಕೂ ಈ ವಲಯ ಅಡ್ಡಿಯಲ್ಲವೆಂದು ಮನೆ ಬಾಗಿಲಿಗೆ ಹೋಗಿ ತಿಳಿಸಬೇಕಾದವರು ತಿಳಿಸಲಿಲ್ಲ. ರೈತನ ಹೆದರಿಕೆಯ ಬೆನ್ನ ಮೇಲೆ ಕಲ್ಲುಕೋರೆಯವನೂ ನಿವೇಶನದ ದಳ್ಳಾಳಿಯೂ ಸವಾರಿ ಮಾಡಿ ದಾಟಿಹೋದರು.

ಈಗ ಹೆದ್ದಾರಿಯ ಕತೆಗೆ ಬರೋಣ. ಓದುಗರಲ್ಲಿ ಹಲವರಿಗೆ ಅದು ಅನುಭವದ ಮಾತು. 2022ರ ಆಗಸ್ಟಿನ ಮಳೆಯಲ್ಲಿ ನಮ್ಮೂರ ಬಳಿ ಬೆಂಗಳೂರು–ಮೈಸೂರು ಹೆದ್ದಾರಿ ಹೊಳೆಯಾಯಿತು, ವಾಹನಗಳು ನೀರಿನಲ್ಲಿ ಸಿಕ್ಕಿಕೊಂಡವು. ಕೆರೆ ಒಡೆದದ್ದು, ಹಳ್ಳ ಮುಚ್ಚಿದ್ದು, ಮಳೆ ಅತಿಯಾದದ್ದು ಎಂದು ಬಗೆಬಗೆಯ ಕಾರಣ ಹೇಳಿದರು. 2023ರ ಮಾರ್ಚಿ 12ರಂದು ಪ್ರಧಾನಮಂತ್ರಿಗಳು ಹತ್ತು ಪಥಗಳ ಆ ಹೆದ್ದಾರಿಯನ್ನು ಉದ್ಘಾಟಿಸಿದರು. ವಾರ ತುಂಬುವುದರೊಳಗೆ ಒಂದು ರಾತ್ರಿಯ ಮಳೆಗೆ ಸಂಗಬಸವನದೊಡ್ಡಿಯ ಹತ್ತಿರ ಮತ್ತೆ ನೀರು ನಿಂತಿತು. ಆಗ ಹೆದ್ದಾರಿ ಪ್ರಾಧಿಕಾರ ಕೊಟ್ಟ ವಿವರಣೆಯನ್ನು ನಾವು ಮರೆತಿಲ್ಲ. ಪ್ರಾಣಿಗಳು ದಾಟಲೆಂದು ಕಟ್ಟಿದ ಮೇಲ್ದಾರಿಯ ಬಳಿಯ ಚರಂಡಿಗೆ ಮಾದಾಪುರ ಮೊದಲಾದ ಹಳ್ಳಿಗಳವರು ಮಣ್ಣು ತುಂಬಿ, ಹೊಲಗಳಿಗೆ ಹೋಗಿಬರಲು ಅಡ್ಡದಾರಿ ಮಾಡಿಕೊಂಡರು. ಅದರಿಂದ ನೀರು ನಿಂತಿತು ಎಂದು ಅವರು ತಿಳಿಸಿದರು.

ಈ ವಿವರಣೆಯನ್ನು ಸುಳ್ಳೆಂದು ನಾವು ತಳ್ಳಿಹಾಕಬೇಕಾಗಿಲ್ಲ. ನಿಜವೆಂದೇ ಇಟ್ಟುಕೊಳ್ಳೋಣ. ಹಾಗಾದರೆ ಅಲ್ಲಿ ಕಂಡದ್ದೇನು? ಒಂದೇ ಜಾಗದಲ್ಲಿ ಪ್ರಾಣಿಗೆ ದಾರಿ ಬೇಕಿತ್ತು, ನೀರಿಗೆ ದಾರಿ ಬೇಕಿತ್ತು, ಹೊಲಕ್ಕೆ ಹೋಗುವ ಮನುಷ್ಯನಿಗೂ ದಾರಿ ಬೇಕಿತ್ತು. ರಸ್ತೆ ಬರುವ ಮುನ್ನ ಮೂವರಿಗೂ ಅಲ್ಲಿ ದಾರಿಯಿತ್ತು. ಬೇಲಿ ಹಾಕಿದ ಹೆದ್ದಾರಿ ಮೂರನ್ನೂ ಕಡಿಯಿತು. ನಕಾಶೆ ಬರೆದವರು ಪ್ರಾಣಿಗೆ ಒಂದು ಮೇಲ್ದಾರಿಯನ್ನೂ ನೀರಿಗೆ ಒಂದು ಚರಂಡಿಯನ್ನೂ ಕೊಟ್ಟು, ನೊಗ ಹೊತ್ತು ಹೋಗುವವನನ್ನು ಮರೆತರು. ಮರೆತವನು ತನ್ನ ದಾರಿಯನ್ನು ತಾನೇ ಮಾಡಿಕೊಂಡ. ನೀರು ಎಲ್ಲರ ದಾರಿಯ ಮೇಲೂ ಹರಿಯಿತು. ಕಾಡುಗಳನ್ನು ಜೋಡಿಸುವ ಯೋಜನೆಯ ತೊಡಕೆಲ್ಲ ಆ ಒಂದು ಚರಂಡಿಯಲ್ಲಿ ಕಾಣುತ್ತದೆ. ಹಳ್ಳಿಗನನ್ನು ಬಿಟ್ಟು ಬರೆದ ಕೊಂಡಿಯನ್ನು ಹಳ್ಳಿಗ ಕಾಯುವುದಿಲ್ಲ. ಕಾಯಬೇಕೆಂದು ಕೇಳುವ ಮುಖವೂ ಸರ್ಕಾರಕ್ಕಿಲ್ಲ.

ಹಾಗೆ ನೋಡಿದರೆ ಕೊಂಡಿಯನ್ನು ಹೊಸದಾಗಿ ಯಾರೂ ಕಂಡುಹಿಡಿಯಬೇಕಾಗಿಲ್ಲ. ನಮ್ಮ ಗ್ರಾಮನಕಾಶೆಗಳಲ್ಲಿ ಅದು ಗೆರೆಗೆರೆಯಾಗಿ ಇದೆ. ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಗೆ ಹೋಗುವ ಕಾಲುವೆ, ಕಾಲುವೆಯ ದಂಡೆಯ ಹೊಂಗೆ, ಊರ ಮುಂದಿನ ಗುಂಡುತೋಪು, ಊರ ಹಿಂದಿನ ಗೋಮಾಳ, ಗೋಮಾಳದಿಂದ ಕಾಡಿನ ಅಂಚಿಗೆ ದನ ಹೊಡೆದುಕೊಂಡು ಹೋಗುವ ಓಣಿ, ಹಳ್ಳ, ಸ್ಮಶಾನ, ದೇವರ ಕಾಡು. ಸರ್ವೆ ಪುಸ್ತಕದಲ್ಲಿ ಇವುಗಳಲ್ಲಿ ಹಲವಕ್ಕೆ ‘ಬಿ ಖರಾಬು’ ಎಂಬ ಅಂದಗೆಟ್ಟ ಹೆಸರು. ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟದ್ದು, ಯಾರಿಗೂ ಸೇರದ್ದು ಎಂದು ಅದರ ಅರ್ಥ. ಯಾರಿಗೂ ಸೇರದ್ದೆಂದರೆ ಎಲ್ಲರಿಗೂ ಸೇರಿದ್ದೆಂದು ಹಿಂದಿನವರು ತಿಳಿದಿದ್ದರು. ಬಲವಿದ್ದವನಿಗೆ ಸೇರಿದ್ದೆಂದು ಇಂದಿನವರು ತಿಳಿದಿದ್ದಾರೆ. ನರಿ, ಮೊಲ, ಮುಂಗುಸಿ, ಚಿರತೆ ಇವೆಲ್ಲ ಇರುಳು ಸಂಚರಿಸುವುದು ಈ ಖರಾಬುಗಳಲ್ಲೇ. ಮಳೆನೀರು ಹರಿಯುವುದೂ ಇದರಲ್ಲೇ. ಬಡವನ ಆಡು ಮೇಯುವುದೂ ಇಲ್ಲಿಯೇ. ಪಟ್ಟಣದ ವಿದ್ವಾಂಸರು ‘ಹಸಿರು ಜಾಲ’ವೆಂದು ಕರೆಯುವ ವಸ್ತು, ಶಾನುಭೋಗರ ಕಾಲದಿಂದಲೂ ನಮ್ಮ ಕಂದಾಯದ ಪೆಟ್ಟಿಗೆಯಲ್ಲಿ ಮಡಿಸಿ ಇಟ್ಟಿದೆ.

ಅದರ ಗತಿ ಏನಾಯಿತೆಂಬುದಕ್ಕೆ ಬೆಂಗಳೂರನ್ನು ನೋಡಿದರೆ ಸಾಕು. ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ ಸರಪಣಿಯಂತೆ ಹೆಣೆದಿದ್ದ ಕೆರೆಗಳನ್ನು ರಾಜಕಾಲುವೆಗಳು ಕೂಡಿಸುತ್ತಿದ್ದವು. ಕೆರೆಗಳನ್ನು ಉಳಿಸಲು ಸಮಿತಿಗಳ ಮೇಲೆ ಸಮಿತಿಗಳು ಕುಳಿತವು: 1980ರ ದಶಕದಲ್ಲಿ ಲಕ್ಷ್ಮಣರಾಯರ ಸಮಿತಿ, ಮುಂದೆ ಎ. ಟಿ. ರಾಮಸ್ವಾಮಿ, ಕೆ. ಬಿ. ಕೋಳಿವಾಡ ಇವರ ಶಾಸಕ ಸಮಿತಿಗಳು. ಕೆಲವು ಕೆರೆಗಳಿಗೆ ಬೇಲಿ ಬಂತು, ಕಾಲುದಾರಿ ಬಂತು, ಬೆಂಚೂ ಬಂತು. ಕಾಲುವೆ ಮಾತ್ರ ಕಾಣೆಯಾಯಿತು. ಮಣಿಗಳನ್ನು ತೊಳೆದು ಇಟ್ಟು ದಾರವನ್ನು ಕತ್ತರಿಸಿದ ಹಾಗಾಯಿತು. ಕಾಲುವೆಯ ಅಂಚಿನಲ್ಲಿ ಎಷ್ಟು ಜಾಗ ಬಿಡಬೇಕೆಂಬುದರ ಇತಿಹಾಸವೂ ಅಷ್ಟೇ ಸ್ವಾರಸ್ಯವಾದುದು. 2007ರಲ್ಲಿ ಒಪ್ಪಿಗೆಯಾದ ಮಹಾಯೋಜನೆ ಕೆರೆಗೆ 30 ಮೀಟರು, ದೊಡ್ಡ ಕಾಲುವೆಗೆ 50, ನಡುವಣದಕ್ಕೆ 25, ಸಣ್ಣದಕ್ಕೆ 15 ಎಂದಿತು. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75, ಕಾಲುವೆಗಳಿಗೆ 50, 35, 25 ಎಂದು ವಿಸ್ತರಿಸಿತು. ಅಷ್ಟು ವಿಸ್ತರಿಸುವ ಅಧಿಕಾರ ಮಂಡಳಿಗಿಲ್ಲವೆಂದು 2019ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಆ ಭಾಗವನ್ನು ತೆಗೆದುಹಾಕಿತು. 2025ರಲ್ಲಿ ರಾಜ್ಯ ಸರ್ಕಾರ ಕೆರೆಯ ಗಾತ್ರ ನೋಡಿ ಅಂಚನ್ನು ಇನ್ನೂ ಕಿರಿದಾಗಿಸುವ ಮಸೂದೆಯನ್ನೇ ವಿಧಾನಮಂಡಲಕ್ಕೆ ತಂದಿತು. ಸಣ್ಣ ಕೆರೆಗೆ ಸಣ್ಣ ಅಂಚು ಸಾಕೆಂಬ ವಾದ. ಸರಪಣಿಯಲ್ಲಿ ಸಣ್ಣ ಕೊಂಡಿ ಮುರಿದರೆ ಸರಪಣಿ ಪೂರ್ತಿ ಇರುತ್ತದೆಯೆ ಎಂದು ಯಾರೂ ಕೇಳಿದಂತೆ ಕಾಣಲಿಲ್ಲ.

ಅದರ ಫಲವನ್ನು ಉಣ್ಣುತ್ತಿರುವವರು ನಾವು. ವೃಷಭಾವತಿ ರಾಜಧಾನಿಯ ಕೊಳೆಯನ್ನು ಹೊತ್ತು ಬೈರಮಂಗಲದ ಕೆರೆಗೆ ಸುರಿದು, ಅಲ್ಲಿಂದ ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ ಸೇರುತ್ತಾಳೆ. ಮೇಲೆ ಕಾಡಿನ ಕೊಂಡಿ ಕಡಿದುಹೋಗಿದೆ, ಕೊಳಚೆಯ ಕೊಂಡಿ ಮಾತ್ರ ಗಟ್ಟಿಯಾಗಿ ಉಳಿದಿದೆ. ಅದೇ ಬೈರಮಂಗಲದ ದಡದಲ್ಲಿ ಹೊಸ ನಗರ ಕಟ್ಟುವಾಗ, ಬೆಂಗಳೂರಿನಲ್ಲಿ ಮಾಡಿದ ತಪ್ಪನ್ನು ಇಲ್ಲಿ ಮಾಡುವುದಿಲ್ಲವೆಂದು ನಂಬಲು ನಮಗೆ ಏನು ಆಧಾರ ಕೊಟ್ಟಿದ್ದಾರೆ?

ಬೆಂಗಳೂರಿಗೆ ಹಸಿರು ಪಟ್ಟಿ ಇರಲಿಲ್ಲವೆಂದಲ್ಲ. 1984ರ ಸಮಗ್ರ ಅಭಿವೃದ್ಧಿ ಯೋಜನೆ ನಗರದ ಸುತ್ತ 839 ಚದರ ಕಿಲೋಮೀಟರು ಹಸಿರು ಬಳೆಯನ್ನು ಬರೆದಿತ್ತು. ಮುಂದಿನ ಒಂದೊಂದು ಯೋಜನೆಯೂ ಅದನ್ನು ಕಚ್ಚುತ್ತ ಬಂದಿತು. ಕಾರಣ ಸರಳ. ಅದರೊಳಗೆ ಯಾವ ಹಳ್ಳದ ಬಳಿ ಏನನ್ನು ಉಳಿಸಬೇಕೆಂದು ಯಾರೂ ಬರೆಯಲಿಲ್ಲ. ಇಡೀ ಬಳೆಗೆ ಒಂದೇ ಹಸಿರು ಬಣ್ಣ ಬಳಿದರು. ಅದರಲ್ಲಿ ಉಳಿದ ಒಕ್ಕಲಿಗ ಮನೆ ಕಟ್ಟಿಕೊಳ್ಳಲು ಕಚೇರಿಯಿಂದ ಕಚೇರಿಗೆ ಅಲೆದ. ವಸೂಲಿಯುಳ್ಳ ಧನಿಕ ಭೂ ಉಪಯೋಗ ಬದಲಾವಣೆಯ ಆಜ್ಞೆ ಪಡೆದು ಬಡಾವಣೆ ಹಾಕಿದ. 2020ರಲ್ಲಿ ಭೂಸುಧಾರಣಾ ಕಾನೂನಿನ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ನೇಗಿಲು ಹಿಡಿಯದವನೂ ಹೊಲ ಕೊಳ್ಳಬಹುದೆಂದು ಮಾಡಿದ ಮೇಲಂತೂ ಹಸಿರು ಎನ್ನುವುದು ನಾಳೆಯ ನಿವೇಶನದ ಇಂದಿನ ಹೆಸರಾಯಿತು. 1974ರ ತಿದ್ದುಪಡಿಯಿಂದ ಉಳುವವನಿಗೆ ಬಂದ ನೆಲ ಅರ್ಧ ಶತಮಾನದೊಳಗೆ ಹಣವುಳ್ಳವನ ಕೈಗೆ ಹೋಗುವ ದಾರಿ ಸಲೀಸಾಯಿತು. ನಮ್ಮ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರಿಟ್ಟಾಗ, ಹೆಸರಿನಿಂದ ಜಮೀನಿನ ಬೆಲೆ ಏರುವುದೆಂದು ಬಹಿರಂಗವಾಗಿಯೇ ಲೆಕ್ಕ ಹಾಕಿದವರಿದ್ದರು. ಏರಿದ ಬೆಲೆ ಮಾರಿದವನಿಗೆ ಒಮ್ಮೆ ಸಿಗುತ್ತದೆ, ಕೊಂಡವನಿಗೆ ಹತ್ತು ಸಲ.

ಗೋಮಾಳದ ವಿಷಯದಲ್ಲಿ ನಮ್ಮವರನ್ನೂ ನಾವು ಪ್ರಶ್ನಿಸಬೇಕಾಗಿದೆ. ನೂರು ದನಗಳಿಗೆ 30 ಎಕರೆಯಂತೆ ಗೋಮಾಳ ಕಾದಿರಿಸಬೇಕೆಂದು ಕಂದಾಯದ ನಿಯಮ ಹೇಳುತ್ತದೆ. ಭೂಹೀನರು ಬಗರ್ ಹುಕುಂ ಸಾಗುವಳಿ ಮಾಡಿ, ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ಗೋಮಾಳದ ತುಂಡುಗಳನ್ನು ಕೇಳಿದರು. ಕೇಳಿದ್ದು ನ್ಯಾಯ, ತಲೆಮಾರುಗಳಿಂದ ನೆಲವಿಲ್ಲದೆ ಕೂಲಿ ಮಾಡಿದವನಿಗೆ ಎರಡು ಎಕರೆ ಕೊಡಬಾರದೆಂದು ಹದ್ದಿನ ಹೆಸರಿನಲ್ಲಿ ಹೇಳುವವರ ಜೊತೆ ನಾವಿಲ್ಲ. ಆದರೆ ಅದೇ ಅರ್ಜಿಯ ಸಾಲಿನಲ್ಲಿ ನಿಂತವರಲ್ಲಿ ನೆಲವುಳ್ಳವರೂ, ಸಮಿತಿಯ ಸದಸ್ಯರ ನೆಂಟರೂ ಎಷ್ಟು ಮಂದಿ ಇದ್ದರೆಂಬುದು ಪ್ರತಿ ಹೋಬಳಿಯಲ್ಲಿ ಎಲ್ಲರಿಗೂ ಗೊತ್ತು. ಬಡವನಿಗೆ ಕೊಡುವ ನೆಲವನ್ನು ಉಳ್ಳವರ ಹೆಚ್ಚುವರಿಯಿಂದ ಕೊಡುವ ಧೈರ್ಯವಿಲ್ಲದ ಸರ್ಕಾರ, ಅದೇ ಬಡವನ ಆಡು ಮೇಯುವ ಗೋಮಾಳದಿಂದ ಕೊಟ್ಟಿತು. ಎಡಗೈಯಿಂದ ಕಿತ್ತು ಬಲಗೈಗೆ ಇಟ್ಟ ದಾನವಿದು. ಉಳಿದ ಗೋಮಾಳವನ್ನಾದರೂ ಇನ್ನು ಸಂಸ್ಥೆಗಳಿಗೂ, ಮಠಮಾನ್ಯಗಳಿಗೂ, ಕಾರ್ಖಾನೆಗಳಿಗೂ ಕೊಡಕೂಡದೆಂದು ನಾವು ಗಟ್ಟಿಯಾಗಿ ಹೇಳಬೇಕು.

ಹಸಿರಿನ ಹೆಸರಿನಲ್ಲಿ ಬಡವನನ್ನು ಒಕ್ಕಲೆಬ್ಬಿಸಿದ ನಿದರ್ಶನ ಬೇಕೆಂದರೆ ಮುಂಬಯಿಗೆ ಹೋಗಬೇಕು. ಅಲ್ಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗಿನ ಗುಡಿಸಲುಗಳನ್ನು ತೆರವು ಮಾಡಲು 1997ರಲ್ಲಿ ಹೈಕೋರ್ಟು ಆಜ್ಞೆ ಮಾಡಿತು. ಸಾವಿರಾರು ಕುಟುಂಬಗಳ ಸೂರು ಬಿದ್ದಿತು. ಆ ಉದ್ಯಾನಕ್ಕೆ ಅಂಟಿಕೊಂಡ ಆರೆ ಪ್ರದೇಶದಲ್ಲಿ 2019ರ ಅಕ್ಟೋಬರಿನಲ್ಲಿ ರೈಲುಬಂಡಿಗಳ ನಿಲುಗಡೆಗಾಗಿ ಎರಡು ಸಾವಿರಕ್ಕೂ ಮೀರಿ ಮರಗಳನ್ನು ರಾತ್ರೋರಾತ್ರಿ ಕಡಿಯಲು ಹೊರಟವರು ಗುಡಿಸಲಿನವರಾಗಿರಲಿಲ್ಲ. ಇನ್ನು ನಮ್ಮ ಮಂತ್ರಿಗಳಿಗೆ ಬಾಯಿಪಾಠವಾದ ಉದಾಹರಣೆ ಸಿಂಗಪುರ. ಉದ್ಯಾನದಿಂದ ಉದ್ಯಾನಕ್ಕೆ 300 ಕಿಲೋಮೀಟರಿಗೂ ಮೀರಿದ ಹಸಿರು ದಾರಿಗಳನ್ನು 1990ರ ದಶಕದಿಂದ ಅಲ್ಲಿ ಬೆಸೆದಿದ್ದಾರೆ, ನಿಜ. ಆದರೆ ಆ ದ್ವೀಪದ ನೆಲದ ಬಹುಭಾಗ ಸರ್ಕಾರದ ಸೊತ್ತು ಎಂಬುದನ್ನು ಪ್ರವಾಸದಿಂದ ಮರಳಿದ ನಮ್ಮವರು ಹೇಳುವುದಿಲ್ಲ. ನೆಲವೆಲ್ಲ ದಳ್ಳಾಳಿಯ ಕೈಯಲ್ಲಿರಲಿ, ಹಸಿರು ಮಾತ್ರ ಸಿಂಗಪುರದ್ದಾಗಲಿ ಎಂದರೆ ಆಗುವ ಕೆಲಸವಲ್ಲ.

ಕೆಲಸ ಆಗಿಯೇ ತೀರದೆಂದು ನಾವು ಕೈಚೆಲ್ಲಿಲ್ಲ. ಬೆಂಗಳೂರಿನ ಬಡಗಲ ಮಗ್ಗುಲಿನ ಹೆಸರಘಟ್ಟವನ್ನು ನೋಡಬಹುದು. 1894ರಲ್ಲಿ ಬೆಂಗಳೂರಿಗೆ ಮೊದಲ ನಲ್ಲಿನೀರು ಕೊಟ್ಟ ಕೆರೆ ಅದು. ಅದರ ಸುತ್ತಲ ಹುಲ್ಲುಗಾವಲು ಅರ್ಕಾವತಿಯ ಜಲಾನಯನ. ಅದನ್ನು ಸಂರಕ್ಷಣಾ ಮೀಸಲು ಮಾಡಬೇಕೆಂಬ ಸಲಹೆಯನ್ನು 2021ರ ಜನವರಿಯಲ್ಲಿ ರಾಜ್ಯದ ವನ್ಯಜೀವಿ ಮಂಡಳಿ ತಳ್ಳಿಹಾಕಿತು. ಮರವಿಲ್ಲದ ಬಯಲು ಕಾಡು ಹೇಗಾದೀತೆಂದು ಕೇಳಿದವರಿದ್ದರು. ಜನ ಬಿಡಲಿಲ್ಲ, ನ್ಯಾಯಾಲಯದವರೆಗೆ ಹೋದರು. 2024ರ ಅಕ್ಟೋಬರಿನಲ್ಲಿ ಅದೇ ಮಂಡಳಿ 5,678 ಎಕರೆಗೆ ಒಪ್ಪಿಗೆ ಕೊಟ್ಟಿತು. ಅದೇ ನದಿಯ ಕೆಳಭಾಗದಲ್ಲಿ ನಾವಿದ್ದೇವೆ. ಮೇಲೆ ಆದದ್ದು ಕೆಳಗೆ ಏಕಾಗಬಾರದು?

ಕಾನೂನಿನ ಕೊರತೆಯಂತೂ ಇಲ್ಲ. ವನ್ಯಜೀವಿ ಕಾನೂನಿಗೆ 2002ರಲ್ಲಿ ಮಾಡಿದ ತಿದ್ದುಪಡಿ, ಒಂದು ರಕ್ಷಿತ ಪ್ರದೇಶವನ್ನು ಮತ್ತೊಂದಕ್ಕೆ ಸೇರಿಸುವ ಸರ್ಕಾರಿ ನೆಲವನ್ನು ಸಂರಕ್ಷಣಾ ಮೀಸಲೆಂದು, ಜನರು ತಾವಾಗಿ ಒಪ್ಪಿದ ಖಾಸಗಿ ಅಥವಾ ಸಮುದಾಯದ ನೆಲವನ್ನು ಸಮುದಾಯ ಮೀಸಲೆಂದು ಸಾರಲು ಅವಕಾಶ ಕೊಟ್ಟಿದೆ. ಸಂರಕ್ಷಣಾ ಮೀಸಲಿಗೂ ಸ್ಥಳದ ಜನರೊಡನೆ ಮೊದಲು ಸಮಾಲೋಚಿಸಬೇಕೆಂದು ಅದೇ ಕಾನೂನು ಹೇಳುತ್ತದೆ. ಸಂವಿಧಾನದ 243ನೆಯ ಅನುಚ್ಛೇದದ ‘ಝಡ್ ಡಿ’ ಭಾಗ ಜಿಲ್ಲಾ ಯೋಜನಾ ಸಮಿತಿಗೆ ಸ್ಥಳಗಳ ಯೋಜನೆ, ನೀರಿನ ಹಂಚಿಕೆ, ಪರಿಸರ ರಕ್ಷಣೆ ಇವನ್ನೆಲ್ಲ ಹೆಸರಿಟ್ಟು ವಹಿಸಿದೆ. ಆ ಸಮಿತಿ ನಡೆಯಬೇಕಾದರೆ ಜಿಲ್ಲಾ ಪಂಚಾಯಿತಿ ಇರಬೇಕು. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯಿತಿಗಳನ್ನು ಚುನಾವಣೆಯಿಲ್ಲದೆ ವರ್ಷಗಟ್ಟಲೆ ಅಧಿಕಾರಿಗಳ ಕೈಯಲ್ಲಿ ಬಿಟ್ಟು, ಬೆಂಗಳೂರಿನ ಒಂದು ಪ್ರಾಧಿಕಾರದ ಕಚೇರಿಯಲ್ಲಿ ನಮ್ಮ 9 ಹಳ್ಳಿಗಳ ಭವಿಷ್ಯ ಬರೆದರು. ಕಾಡಿನ ಕೊಂಡಿಗಿಂತ ಮೊದಲು ಕಡಿದದ್ದು ಜನರ ಕೊಂಡಿ.

ಹಾಗಾದರೆ ನಾವು ಕೇಳುವುದೇನು? ಮೊದಲನೆಯದಾಗಿ, ಯಾವ ಸ್ವಾಧೀನದ ಅಧಿಸೂಚನೆಗೂ ಮುನ್ನ ಆ ಗ್ರಾಮಗಳ ಕೆರೆ, ಕಾಲುವೆ, ಹಳ್ಳ, ತೋಪು, ಗೋಮಾಳ, ಬಿ ಖರಾಬುಗಳನ್ನು ಒಂದೇ ನಕಾಶೆಯಲ್ಲಿ ಜೋಡಿಸಿ ಬರೆಯಬೇಕು. ಬನ್ನೇರುಘಟ್ಟದಿಂದ ಸಾವನದುರ್ಗಕ್ಕೆ, ಅಲ್ಲಿಂದ ನಮ್ಮ ಬೆಟ್ಟಗಳಿಗೆ ಎಲ್ಲೆಲ್ಲಿ ಸರಣಿ ಉಳಿದಿದೆ, ಎಲ್ಲೆಲ್ಲಿ ಕಡಿದಿದೆ ಎಂಬುದು ಆಗ ತಾನಾಗಿ ಕಾಣುತ್ತದೆ. ಈ ನೆಲವನ್ನು ಸ್ವಾಧೀನದಿಂದ ಪೂರ್ತಿ ಹೊರಗಿಡಬೇಕು. ಬಡಾವಣೆಯಲ್ಲಿ ಶೇಕಡ ಇಷ್ಟು ಉದ್ಯಾನ ಬಿಡುತ್ತೇವೆಂದು ಲೆಕ್ಕ ತೋರಿಸಿದರೆ ಒಪ್ಪಕೂಡದು. ಹತ್ತು ಮೂಲೆಗಳಲ್ಲಿ ಹತ್ತು ತುಂಡು ಹುಲ್ಲು ಬೆಳೆಸಿದರೆ ಲೆಕ್ಕ ಕೂಡುತ್ತದೆ, ದಾರಿ ಕೂಡುವುದಿಲ್ಲ.

ಎರಡನೆಯದು ಸಣ್ಣ ಹಿಡುವಳಿದಾರನ ಮಾತು. ಕಡಿದ ಜಾಗದಲ್ಲಿ ಅವನ ಹೊಲ ಅಡ್ಡ ಬಂದರೆ ಅದನ್ನು ಕಿತ್ತುಕೊಳ್ಳಬೇಕಾಗಿಲ್ಲ. ಅವನು ಅಲ್ಲಿಯೇ ಇದ್ದು, ಕಟ್ಟಡ ಕಟ್ಟದೆ, ಗೋಡೆ ಹಾಕದೆ, ಬದುವಿನಲ್ಲಿ ಮರ ಉಳಿಸಿಕೊಂಡು ಉತ್ತರೆ, ಅದಕ್ಕಾಗಿ ವರ್ಷವರ್ಷವೂ ಅವನಿಗೆ ಹಣ ಸಲ್ಲಬೇಕು. ಕೋಸ್ಟರಿಕ ಎಂಬ ಪುಟ್ಟ ದೇಶ 1997ರಿಂದ ಮೋಟಾರು ಇಂಧನದ ಮೇಲಿನ ತೆರಿಗೆಯ ಒಂದು ಪಾಲನ್ನು ಹೀಗೆಯೇ ಕಾಡು ಉಳಿಸುವ ಜಮೀನುದಾರರಿಗೆ ಕೊಡುತ್ತ ಬಂದಿದೆ. ನಮ್ಮಲ್ಲಿ ಆ ಹಣ ಭೂಪರಿವರ್ತನೆಯ ಶುಲ್ಕದಿಂದಲೂ ಬಡಾವಣೆಗಳ ಲಾಭದಿಂದಲೂ ಬರಬೇಕು. ಬೆಂಗಳೂರಿನವನು ಉಸಿರಾಡುವ ಗಾಳಿಗೂ ಕುಡಿಯುವ ನೀರಿಗೂ ಬಿಡದಿಯ ಎರಡು ಎಕರೆಯವನೊಬ್ಬನೇ ತೆರಿಗೆ ಕಟ್ಟಬೇಕೆಂಬ ಏರ್ಪಾಡು ನಮಗೆ ಒಪ್ಪಿಗೆಯಲ್ಲ. ಕೊಂಡಿಯ ಪಕ್ಕದಲ್ಲಿ ಉಳುವವನ ಕಷ್ಟವೂ ಸಣ್ಣದಲ್ಲ. ರಾಗಿ ತೆನೆಗಟ್ಟಿದಾಗ ಆನೆ ಬರುತ್ತದೆ. ಒಂದು ರಾತ್ರಿಯಲ್ಲಿ ವರ್ಷದ ಅನ್ನ ಹೋಗುತ್ತದೆ. ಕೆಲವೊಮ್ಮೆ ಕಾವಲಿಗೆ ಹೋದವನೇ ಹಿಂತಿರುಗುವುದಿಲ್ಲ. ಆನೆ ಪ್ರೇಮಿಗಳು ಇದನ್ನು ಮರೆತು ಮಾತನಾಡಿದಾಗ ಹಳ್ಳಿಗೆ ಸಿಟ್ಟು ಬರುವುದು ಸಹಜ. ಅರಣ್ಯ ಇಲಾಖೆ ರೈಲುಕಂಬಿಯ ಬೇಲಿ ಹಾಕುತ್ತ ಬಂದಿದೆ. ಊರಿನ ಮಗ್ಗುಲಲ್ಲಿ ಬೇಲಿ ಬೇಕೇ ಬೇಕು. ಆದರೆ ದಾರಿಯಲ್ಲೂ ಬೇಲಿ, ಊರಲ್ಲೂ ಬೇಲಿ ಎಂದರೆ, ಮುಚ್ಚಿದ ದಾರಿಯ ಆನೆ ಬೇಲಿಯಿಲ್ಲದ ಮುಂದಿನ ಊರಿಗೆ ನುಗ್ಗುತ್ತದೆ. ನಮ್ಮ ಊರು ಪಾರಾಯಿತೆಂದು ಸಂತೋಷಪಟ್ಟರೆ ಪಕ್ಕದ ಊರಿನವನ ರಾಗಿ ಹೋಗುತ್ತದೆ. ಎಲ್ಲಿ ಬೇಲಿ, ಎಲ್ಲಿ ಬಾಗಿಲು ಎಂಬುದನ್ನು ಊರೂರು ಕೂತು ಒಟ್ಟಿಗೆ ನಿರ್ಧರಿಸಬೇಕೇ ಹೊರತು, ಕಂಟ್ರಾಕ್ಟಿನ ಮೊತ್ತ ನೋಡಿ ಅಲ್ಲ.

ಹೆದ್ದಾರಿ, ವರ್ತುಲ ರಸ್ತೆ, ರೈಲು ಇವುಗಳಿಗೂ ಇದೇ ಮಾತು. ದಾಟುದಾರಿಯನ್ನು ರಸ್ತೆ ಮುಗಿದ ಮೇಲೆ ಅಂಟಿಸುವುದಲ್ಲ. ಪ್ರಾಣಿಗೂ ನೀರಿಗೂ ರೈತನಿಗೂ ಮೂರು ದಾರಿಗಳನ್ನು ಮೊದಲ ನಕಾಶೆಯಲ್ಲೇ ಬರೆಯಬೇಕು. ಸಂಗಬಸವನದೊಡ್ಡಿಯ ಚರಂಡಿಯನ್ನು ಪ್ರತಿ ಇಂಜಿನಿಯರಿಗೂ ಒಮ್ಮೆ ಕರೆದೊಯ್ದು ತೋರಿಸಬಹುದು.

ಬೆಳೆಯುವ ಬೆಂಗಳೂರಿಗೆ ಮನೆ ಬೇಡವೆ, ನಮ್ಮ ಮಕ್ಕಳಿಗೆ ಕೆಲಸ ಬೇಡವೆ ಎಂಬ ಆಕ್ಷೇಪಣೆ ಬರುತ್ತದೆ. ಬೇಕು. ಗೂಡಿನ ಮಾರುಕಟ್ಟೆಯನ್ನೂ ಹಾಲಿನ ಡೈರಿಯನ್ನೂ ನಂಬಿ ಇಡೀ ಜಿಲ್ಲೆಯ ಹುಡುಗರು ಬದುಕಲಾರರೆಂಬುದು ನಮಗೂ ಗೊತ್ತು. ಆದರೆ ಹಂಚಿದ ಬಡಾವಣೆಗಳಲ್ಲಿ ಕಟ್ಟದೆ ಬೆಲೆಯೇರಲೆಂದು ಬಿಟ್ಟ ನಿವೇಶನಗಳು ಎಷ್ಟಿವೆ, ಕೈಗಾರಿಕೆಗೆಂದು ಪಡೆದು ಪಾಳು ಬಿಟ್ಟ ಜಮೀನು ಎಷ್ಟಿದೆ ಎಂಬ ಲೆಕ್ಕವನ್ನು ಮೊದಲು ಮೇಜಿನ ಮೇಲಿಡಲಿ. ಆ ಲೆಕ್ಕ ಕೊಡದೆ ಹೊಸ 9,000 ಎಕರೆ ಕೇಳುವುದು ಸಾಲ ತೀರಿಸದೆ ಮತ್ತೆ ಕೈಚಾಚಿದಂತೆ. ಕಟ್ಟಲೇಬೇಕಾದಲ್ಲಿ ಒತ್ತಾಗಿ ಕಟ್ಟಿ, ಹಳ್ಳದ ಎರಡೂ ದಂಡೆ ಬಿಟ್ಟು ಕಟ್ಟಲಿ. ನಾವು ಮನೆಗೆ ವಿರೋಧಿಗಳಲ್ಲ.

ಓದುಗರಲ್ಲಿ ಒಂದು ಬಿನ್ನಹ. ಪ್ರತಿ ಗ್ರಾಮದ ನಕಾಶೆಯ ಪ್ರತಿಯನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಭೂಮಾಪನ ಇಲಾಖೆಯಿಂದ ಪಡೆಯಬಹುದು. ಮುಂದಿನ ಗ್ರಾಮಸಭೆಗೆ ಅದನ್ನು ತೆಗೆದುಕೊಂಡು ಹೋಗಿ ಹರಡಿರಿ. ನಕಾಶೆಯಲ್ಲಿರುವ ಕಾಲುವೆ ನೆಲದ ಮೇಲೆ ಎಲ್ಲಿದೆ, ಗೋಮಾಳದ ಸರ್ವೆ ನಂಬರಿನಲ್ಲಿ ಇಂದು ಯಾರ ಬೇಲಿ ಇದೆ ಎಂದು ಹಿರಿಯರನ್ನು ಜೊತೆಗಿಟ್ಟುಕೊಂಡು ನಡೆದು ನೋಡಿರಿ. ಕಂಡದ್ದನ್ನು ಸಭೆಯ ನಡವಳಿಯಲ್ಲಿ ಬರೆಸಿ, ಸಹಿ ಹಾಕಿಸಿ, ಒಂದು ಪ್ರತಿಯನ್ನು ತಹಶೀಲ್ದಾರರಿಗೂ ಒಂದು ಪ್ರತಿಯನ್ನು ನಮ್ಮ ಕಚೇರಿಗೂ ಕಳುಹಿಸಿರಿ. ಬೈರಮಂಗಲ, ಕಂಚುಗಾರನಹಳ್ಳಿಗಳಿಂದ ಬರುವ ವಿವರಗಳನ್ನು ಮೊದಲು ಅಚ್ಚು ಹಾಕುತ್ತೇವೆ. ಬಳಿಕ ಹಾರೋಹಳ್ಳಿ, ಮಾಗಡಿ, ಕನಕಪುರದ ಕಡೆಯವು.